ಸಂತೋಷ ಸರ್ ಖಟಕಾ

ಆಳಂದದ ಬಸ್‌ಸ್ಟ್ಯಾಂಡಿನ ಎದುರಿಗೆ, ಬೀಜ-ಗೊಬ್ಬರದ ಅಂಗಡಿಯ ಮೇಲಿನ ಅಂತಸ್ತಿನಲ್ಲಿ ಸಂತೋಷಕುಮಾರನ ಇಂಗ್ಲಿಷ್ ಕ್ಲಾಸು ನಡೆಯುತ್ತಿತ್ತು. ಸರ್ಕಾರಿ ನೌಕರಿಯ ಪರೀಕ್ಷೆಯಲ್ಲಿ ಬರುವ ಕಠಿಣ ಕಠಿಣ ಇಂಗ್ಲಿಷ್ ಶಬ್ದಗಳನ್ನು ಅರ್ಥ ಸಮೇತ ತಲೆಗೆ ಹತ್ತಿಸುವುದೇ ಅವನ ಕಸುಬು. ಅದಕ್ಕೆ ಅವನು ಕಂಡುಕೊಂಡ ಉಪಾಯದ ಹೆಸರು ಖಟಕಾ. ಗುಂಡಿ ಒತ್ತಿದರೆ ಲೈಟು ಹತ್ತಿದ ಹಾಗೆ, ಶಬ್ದ ಕೇಳಿದ ಕೂಡಲೇ ಖಟ್ ಅಂತ ಅರ್ಥ ಹೊಳೆಯಬೇಕು. ಇಂಗ್ಲಿಷ್ ಶಬ್ದದ ಸಪ್ಪಳಕ್ಕೆ ನಮ್ಮ ಕನ್ನಡದ್ದೋ ಉರ್ದುದ್ದೋ ಒಂದು ಮಾತು ಗಂಟು ಹಾಕುತ್ತಿದ್ದ. ಕ್ಯಾಂಡಿಡ್ ಅಂದರೆ ಕಂಡಿದ್ದು ಕಂಡ ಹಾಗೆ ಹೇಳುವವನು. ಅಬೇಟ್ ಅಂದರೆ, 'ಅಬೇ ಠೈರ್', ಲೇ ನಿಲ್ಲು, ಅಂದಾಗ ಗದ್ದಲ ಕಡಿಮೆಯಾಗುತ್ತದಲ್ಲ, ಹಾಗೆ ಕಡಿಮೆಯಾಗುವುದು. ಒಪ್ಪಿಕೊಳ್ಳಲೇಬೇಕು, ಒಮ್ಮೆ ಕೇಳಿದರೆ ಸಾಯುವತನಕ ಮರೆಯುತ್ತಿರಲಿಲ್ಲ. ಅವನ ರೀಲುಗಳು ಅಫಜಲಪುರದಿಂದ ಜೇವರ್ಗಿಯವರೆಗೆ ಎಲ್ಲರ ಫೋನಿನಲ್ಲೂ ಓಡಾಡುತ್ತಿದ್ದವು.

ಶೈಲಶ್ರೀಗೆ ಈ ಕ್ಲಾಸು ಬಿಟ್ಟರೆ ಬೇರೆ ಗತಿ ಇರಲಿಲ್ಲ. ಮಟಕಿಯ ಸೊಸೆ. ಗಂಡ ಅರುಣಕುಮಾರ ತೊಗರಿಯ ಲಾರಿ ಓಡಿಸುತ್ತಿದ್ದ, ಅಫಜಲಪುರದ ರಸ್ತೆಯಲ್ಲಿ ಅಪಘಾತವಾಗಿ ತೀರಿಕೊಂಡ. ಅದಾದ ಮೇಲೆ ಬಿ.ಎ. ಮುಗಿಸಿ ಗುಮಾಸ್ತೆಯ ಪರೀಕ್ಷೆ ಬರೆದಳು. ಉಳಿದದ್ದೆಲ್ಲ ದಾಟಿ ಇಂಗ್ಲಿಷಿನಲ್ಲಿ ಮುಗ್ಗರಿಸಿದಳು. ಭಾವ ನಾಗಣ್ಣ ಆಗಲೇ ಫರ್ಮಾನು ಹೊರಡಿಸಿದ್ದ: ಇನ್ನೊಂದು ಸಲ ಬರೆಯಲಿ, ಆಗದಿದ್ದರೆ ಬಟ್ಟೆಬರೆ ಕಟ್ಟಿಕೊಂಡು ತವರಿಗೆ, ಇಜೇರಿಗೆ ಹೋಗಲಿ. ಇಜೇರಿಯಲ್ಲಿ ಅಣ್ಣಂದಿರು ಆಗಲೇ ಎರಡನೇ ಸಂಬಂಧದವನೊಬ್ಬನನ್ನು ನೋಡಿಟ್ಟಿದ್ದರು. ಇವಳನ್ನು ಒಂದು ಮಾತು ಕೇಳುವ ತಸದಿ ಯಾರೂ ತೆಗೆದುಕೊಂಡಿರಲಿಲ್ಲ. ನೌಕರಿಯಾದರೆ ತನ್ನ ಬಾಳು ತನ್ನ ಕೈಯಲ್ಲಿ, ಇಲ್ಲದಿದ್ದರೆ ಕಂಡವರ ಕೈಯಲ್ಲಿ.

ಅವಳ ಬೆನ್ನಿಗಿದ್ದವಳು ಅತ್ತೆ ಗುರಮ್ಮ ಒಬ್ಬಳೇ. ಗುರಮ್ಮನೂ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಮಗ ಸತ್ತ ದಿನ ಓಣಿಯ ಹೆಂಗಸರು ಸೊಸೆಯ ಕೈಬಳೆಗೆ ಕೈ ಹಾಕಿದಾಗ, ಅಳುತ್ತಿದ್ದವಳು ಎದ್ದು ನಿಂತು, "ಬಸವಣ್ಣ ಎಲ್ಲಿ ಬಳಿ ಒಡೀರಿ ಅಂದಾನ, ನಂಗ ತೋರಸ್ರಿ!" ಅಂತ ಎಲ್ಲರನ್ನೂ ಹೊರಗೆ ಹಾಕಿದ್ದಳು. ಆ ಹಸಿರು ಬಳೆಗಳನ್ನೇ ಹಾಕಿಕೊಂಡು ಶೈಲಶ್ರೀ ದಿನಾ ಟಂಟಂ ಹತ್ತಿ ಆಳಂದಕ್ಕೆ ಬರುತ್ತಿದ್ದಳು.

ಕ್ಲಾಸಿನಲ್ಲಿ ಅವಳ ಬಾಜೂಕ್ಕೆ ಕೂರುತ್ತಿದ್ದವಳು ಆಳಂದದವಳೇ ಆದ ಮಹೆಕ. ಕಡಿಮೆ ಮಾತಿನ ಹುಡುಗಿ. ಒಂದು ದಿನ ಸಂತೋಷಕುಮಾರ ಬೋರ್ಡಿನ ಮೇಲೆ 'ಬೆವಿ' ಅಂತ ಬರೆದ. ಗುಂಪು ಅಂತ ಅರ್ಥ, ಅದರಲ್ಲೂ ಹೆಂಗಸರ ಗುಂಪಿಗೆ ಹೆಚ್ಚು ಬಳಸುತ್ತಾರೆ.

"ಸಾಬರ ಮನ್ಯಾಗ ಬೀವಿ ಎಷ್ಟ್ ಮಂದಿ ಇರ್ತಾರ?" ಅಂತ ಕೇಳಿದ. "ಗುಂಪಿಗಿ ಗುಂಪೇ ಇರ್ತದ! ಬೀವಿ, ಬೆವಿ. ಹತ್ತಿತಿಲ್ಲೋ ಖಟಕಾ?"

"ಹತ್ತಿತ್ರೀ ಸರ್!" ಅಂತ ಹುಡುಗರು ಬೆಂಚು ಬಡಿದು ನಕ್ಕರು. ಶೈಲಶ್ರೀಗೂ ನಗೆ ತಡೆಯಲಾಗಲಿಲ್ಲ. ಮಹೆಕ ತಲೆ ಎತ್ತದೆ ಬರೆದುಕೊಂಡಳು.

ಅದಾಗಿ ಒಂದು ವಾರವಾಗಿರಬಹುದು. ಅಂದು ಫೋನು ಸ್ಟ್ಯಾಂಡಿನ ಮೇಲಿತ್ತು, ರೀಲು ಮಾಡುವ ದಿನ. ಸಂತೋಷಕುಮಾರ ಬೋರ್ಡಿನ ಮೇಲೆ ಒಂದು ಶಬ್ದ ಬರೆದು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ: "ಮುಂಡೇನ್."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವನಿಗೆ ಅಷ್ಟೇ ಬೇಕಿತ್ತು.

"ಹಾಂ, ಅದ! ಮುಂಡೇದು ಬಾಳೇ ಹ್ಯಾಂಗಿರ್ತದ ಹೇಳ್ರಿ. ಅರಿಷಿಣ ಇಲ್ಲ, ಕುಂಕುಮ ಇಲ್ಲ, ಹೂವಿಲ್ಲ, ಹಬ್ಬ ಇಲ್ಲ. ದಿನಾ ಅದ ಸಪ್ಪ. ಮುಂಡೇನ್ ಅಂದ್ರ ಸಪ್ಪ, ಏನೂ ಸ್ವಾದಿಲ್ಲದ್ದು. ಹತ್ತಿತಿಲ್ಲೋ ಖಟಕಾ?"

ಇಡೀ ಕ್ಲಾಸು ಬೆಂಚು ಬಡಿದು ಹೋ ಅಂದಿತು. ಶೈಲಶ್ರೀ ಗಂಡನನ್ನು ಕಳೆದುಕೊಂಡವಳು ಅಂತ ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕ್ಲಾಸಿಗೆ ಹೆಸರು ಹಚ್ಚುವ ದಿನ ಯಜಮಾನರು ಏನು ಮಾಡುತ್ತಾರೆ ಅಂತ ಕೇಳಿದವನು ಅವನೇ. ಇವಳು ಹೇಳಿದಾಗ "ಛೇ, ಪಾಪ" ಅಂತ ಲೊಚಗುಟ್ಟಿದವನೂ ಅವನೇ. ಅಷ್ಟೇ ಅಲ್ಲ, 'ಹೂವಿಲ್ಲ' ಅನ್ನುವಾಗ ಅವನ ಕಣ್ಣು ಇವಳ ಮೇಲೆ ಬಿತ್ತು. ಬಿತ್ತು, ಒಂದು ಚಣ ನಿಂತಿತು, ಆದರೂ ಬಾಯಿ ನಿಲ್ಲಲಿಲ್ಲ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ತಿಳಿಯದೆ ಅಂದಿದ್ದರೆ ಮಾತು ಬೇರೆ. ಇದು ತಿಳಿದೂ ತಿಳಿದೂ ಅಂದದ್ದು. ಎದ್ದು ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಕೈ ಮಾತ್ರ ಪೆನ್ನು ಹಿಡಿದು ಆ ಶಬ್ದವನ್ನು ಬರೆದುಕೊಳ್ಳುತ್ತಿತ್ತು.

ಕ್ಲಾಸು ಬಿಟ್ಟ ಮೇಲೆ ಮೆಟ್ಟಿಲಲ್ಲಿ ಮಹೆಕಳ ಮೇಲೆ ಹರಿಹಾಯ್ದಳು.

"ಕೇಳಿದಿ ಇಲ್ಲೋ? ನನ್ನ ಮಾರಿ ನೋಡ್ಕೋತನೇ ಅಂದ. ಬಾಜೂಕ್ಕ ಕುಂತು ಒಂದು ಮಾತರ ಆಡಿದೇನ್ ಬೇ ನೀನು?"

ಮಹೆಕ ಚೀಲದ ಜಿಪ್ಪು ಎಳೆದಳು. "ಬೆವಿ ಅಂದಾಗ ನೀ ಏನ್ ಮಾತಾಡಿದ್ದಿ?"

ಶೈಲಶ್ರೀ ಸೆರಗು ಸರಿಮಾಡಿಕೊಂಡಳು.

"ನಕ್ಕಿದ್ದಿ. ಬಾಯಿಗಿ ಪದರ ಹಚ್ಕೊಂಡು ನಕ್ಕಿದ್ದಿ, ನಾ ನೋಡೇನಿ. ನಮ್ಮ ಅಬ್ಬಾಗ ನಮ್ಮಮ್ಮಿ ಒಬ್ಬಾಕಿನೇ ಬೀವಿ. ಆಕಿ ಜೋಡಿ ಜಗಳಾಡೇ ಸಾಕಾಗ್ಯದ ಅವ್ರಿಗಿ, ಇನ್ನೊಬ್ಬಾಕಿನ್ನ ಎಲ್ಲಿ ತರ್ತಾರ? ಆದ್ರ ಈಗ ನಮ್ಮ ಗಲ್ಲ್ಯಾಗ ಹೋದ್ರ ಹುಡುಗ್ರು 'ಬೆವಿ ಬಂತು, ಬೆವಿ ಬಂತು' ಅಂತಾರ. ನಿಂಗ ಇವತ್ತ ಉರಿ ಹತ್ಯದ. ನಂಗ ಆವಾಗೇ ಹತ್ಯದ."

ಅಷ್ಟು ಮಾತು ಅವಳು ಒಮ್ಮೆಲೇ ಆಡಿದ್ದು ಅದೇ ಮೊದಲು. ಆಡಿ, ತಿರುಗಿ ನೋಡದೆ ಹೋದಳು. ಶೈಲಶ್ರೀ ಟಂಟಂನಲ್ಲಿ ಮಟಕಿಯವರೆಗೆ ಹಲ್ಲು ಕಚ್ಚಿಕೊಂಡೇ ಕೂತಳು. ಆ ಮನುಷ್ಯನ ಮೇಲಿನ ಸಿಟ್ಟಿಗೆ ತನ್ನ ಮೇಲಿನದೂ ಸೇರಿಕೊಂಡು ಯಾವುದು ಯಾರದು ಅಂತ ತಿಳಿಯದ ಹಾಗಾಗಿತ್ತು.

ರೀಲು ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ನಾಗಣ್ಣ ಅಂಗಳದಲ್ಲಿ ಫೋನು ಹಿಡಿದು ನಿಂತಿದ್ದ. ಮುಂದಿನ ಬೆಂಚಿನಲ್ಲಿ ಅರ್ಧ ಮುಖ, ಬರೆದುಕೊಳ್ಳುತ್ತಿರುವ ಹಸಿರು ಬಳೆಯ ಕೈ. ಯಾರಿಗೆ ಗುರುತು ಸಿಗುವುದಿಲ್ಲ?

"ನೋಡವ್ವ, ನೋಡು! ಊರ ಮಂದಿ ಎಲ್ಲಾ ನೋಡಿ ನಗಾಕತ್ಯದ. ಇದನ್ನ ಕಲಿಲಾಕ ಹೋಗ್ಯಾಳೇನು? ಮನಿ ಮರ್ಯಾದಿ ತೆಗದಳು."

ಗುರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೊರಗೆ ಬಂದು, ಹಿಟ್ಟಿನ ಕೈಯಲ್ಲೇ ಫೋನು ಇಸಿದುಕೊಂಡು ನೋಡಿದಳು. ಇಂಗ್ಲಿಷು ತಿಳಿಯದಿದ್ದರೂ ಆ ಒಂದು ಮಾತು ತಿಳಿಯಿತು.

"ಬೈದಾಂವ ಆಳಂದದಾಗ ಕುಂತಾನ," ಅಂದಳು ಮಗನಿಗೆ. "ಅವ್ನ ಕೊಳಪಟ್ಟಿ ಹಿಡಿಯೋದು ಬಿಟ್ಟು ಇಕಿ ಮ್ಯಾಲ ಯಾಕ ಒದರ್ತಿ? ನಡೀ ಒಳಗ."

ನಾಗಣ್ಣ ಗೊಣಗುತ್ತಾ ಹೋದ. ಸೊಸೆ ಇನ್ನೇನು ಅತ್ತುಬಿಡುತ್ತಾಳೆ ಅನ್ನುವಾಗ ಗುರಮ್ಮ ಅವಳ ಕಡೆ ತಿರುಗಿದಳು. ಸಮಾಧಾನ ಹೇಳುತ್ತಾಳೆ ಅಂದುಕೊಂಡರೆ ಅದಲ್ಲ.

"ನಂಗೂ ಅಂದಾರ ಈ ಮಾತು. ಹೊಲದ ಬದುವಿನ ಜಗಳದಾಗ ಅಂದಾರ, ನೀರಿನ ನಳದ ಮುಂದ ಅಂದಾರ. ಅಂದವ್ರಿಗಿ ಅಲ್ಲೇ ಎರಡರಷ್ಟು ತಿರುಗಿಸಿ ಕೊಟ್ಟೇ ಮನಿಗಿ ಬಂದೇನಿ. ನೀ ಫೀ ಕೊಟ್ಟು ಅನ್ನಿಸ್ಕೊಂಡು, ಮ್ಯಾಲ ಅದನ್ನ ಬರ್ಕೊಂಡು ಬಂದಿಯಲ್ಲ!"

"ನಾ ಏನ್ ಮಾಡ್ಲಿ ಅತ್ತಿ? ಕ್ಲಾಸ ಬಿಟ್ರ ಪರೀಕ್ಷಾ ಹೋಗ್ತದ."

"ಬಿಡು ಅಂತ ಯಾರಂದ್ರು? ಕಲಿ. ಕಲ್ತು ತಿರುಗಿಸಿ ಕೊಡು."

ಮರುದಿನ ಟಂಟಂನಲ್ಲಿ ಕೂತು ಶೈಲಶ್ರೀ ಆ ಶಬ್ದವನ್ನು ಫೋನಿನಲ್ಲಿ ಹುಡುಕಿದಳು. ಸ್ಪೀಕರಿನ ಗುರುತು ಒತ್ತಿದಾಗ ಒಳಗಿನ ಹೆಂಗಸು ಸ್ಪಷ್ಟವಾಗಿ ಅಂದಳು: "ಮನ್‌ಡೇನ್." ಮತ್ತೆ ಒತ್ತಿದಳು. "ಮನ್‌ಡೇನ್." ಎದುರಿಗೆ ಕೂತಿದ್ದವರೆಲ್ಲ ತಿರುಗಿ ನೋಡಿದರು, ಅವಳಿಗೆ ಪರಿವೆ ಇಲ್ಲ. ಮುಂಡೇನ್ ಅಲ್ಲವೇ ಅಲ್ಲ! ಮಂಡೇ. ಸೋಮವಾರ. ವಾರ ವಾರ ತಪ್ಪದೆ ಬರುವ, ಅದೇ ಕೆಲಸ ಅದೇ ಕಚೇರಿಯ ಸೋಮವಾರ. ಒಂದನೇ ಇಯತ್ತೆಯ ಕೂಸಿಗೂ ಗೊತ್ತಿರುವ ಮಂಡೇ ಕೈಯಲ್ಲೇ ಇತ್ತು. ಅದನ್ನು ಬಿಟ್ಟು, ಶಬ್ದವನ್ನು ತಪ್ಪು ಓದಿ, ತಿಪ್ಪೆಗೆ ಕೈ ಹಾಕಿ ಆ ಹೊಲಸು ಮಾತನ್ನೇ ಹೆಕ್ಕಿ ತಂದಿದ್ದ. ನಿನ್ನೆಯದು ಸಿಟ್ಟೇ ಅಲ್ಲ ಅನ್ನುವಷ್ಟು ಸಿಟ್ಟು ಈಗ ಬಂತು.

ಕ್ಲಾಸು ಶುರುವಾಗುವ ಮೊದಲೇ ಅವನ ಮೇಜಿನ ಮುಂದೆ ಹೋಗಿ ನಿಂತಳು.

"ಸರ್, ಅದು ಮುಂಡೇನ್ ಅಲ್ರಿ, ಮನ್‌ಡೇನ್. ಮಂಡೇ ಅಂತ ಹೇಳಿದ್ರೂ ನೆನಪಿರ್ತಿತ್ರಿ. ಆ ರೀಲ್ ತೆಗೀರಿ."

ಸಂತೋಷಕುಮಾರ ಸಿಟ್ಟಾಗಲಿಲ್ಲ. ನಕ್ಕ. "ಮಂಡೇ ಅಂದ್ರ ಯಾರ್ ನಗ್ತಾರ ತಂಗಿ? ನಗಲಿಲ್ಲಂದ್ರ ಯಾರಿಗಿ ನೆನಪಿರ್ತದ? ಎಷ್ಟ್ ಸಾವಿರ ಮಂದಿ ನೋಡ್ಯಾರ ಗೊತ್ತೇನು ಅದನ್ನ?"

"ಅದರಾಗ ನನ್ನ ಮಾರಿ ಅದರಿ."

"ನಿಂಗೇ ಅಂತ ಅಂದಿಲ್ಲಲ್ಲ. ಶಬ್ದದ ಸಲುವಾಗಿ ಅಂದಿದ್ದು. ಎಲ್ಲಾ ಮೈಮ್ಯಾಲ ಹಾಕೋಬ್ಯಾಡ. ಕಲಿಯೋದಿದ್ರ ಕುಂದ್ರು, ಇಲ್ಲಂದ್ರ ಬಾಗಲಾ ತೆರದದ."

ಬಾಗಿಲು ನಿಜಕ್ಕೂ ತೆರೆದೇ ಇತ್ತು. ಆಚೆ ಬಸ್‌ಸ್ಟ್ಯಾಂಡು, ಅಲ್ಲಿ ಜೇವರ್ಗಿಯ ಬಸ್ಸು, ಅದನ್ನು ಹತ್ತಿದರೆ ಇಜೇರಿ, ಇಜೇರಿಯಲ್ಲಿ ಅಣ್ಣಂದಿರು ನೋಡಿಟ್ಟ ಗಂಡು. ಪರೀಕ್ಷೆ ಬಂದು ಎದೆಯ ಮೇಲೆ ಕೂತಿತ್ತು. ಶೈಲಶ್ರೀ ಹೋಗಿ ತನ್ನ ಜಾಗದಲ್ಲಿ ಕೂತಳು. ಹಾಗೆ ಕೂತದ್ದಕ್ಕೆ ಮೈಯೆಲ್ಲ ಉರಿಯಿತು, ಆದರೂ ಕೂತಳು. ಅಂದಿನಿಂದ ಅವನು ಹೇಳಿದ ಒಂದೊಂದು ಶಬ್ದವನ್ನೂ ಫೋನಿನಲ್ಲಿ ಮತ್ತೊಮ್ಮೆ ಕೇಳಿ, ಅರ್ಥ ನೋಡಿ, ನಾಲಿಗೆಗೆ ಹತ್ತುವ ತನಕ ಉರು ಹೊಡೆದಳು. ಮಹೆಕ ಪಕ್ಕದಲ್ಲಿ ಕೂತು ನೋಡುತ್ತಿದ್ದಳು.

ಪರೀಕ್ಷೆಯ ಮುಂಚಿನ ವಾರ ಸಂತೋಷಕುಮಾರ ಒಂದು ಆಟ ಇಡುತ್ತಿದ್ದ. ಅವನು ಶಬ್ದ ಕೊಡುತ್ತಾನೆ, ಕಲಿಯುವವರು ಎದ್ದು ಬಂದು ಅಲ್ಲೇ ಖಟಕಾ ಕಟ್ಟಬೇಕು. ಚೆನ್ನಾಗಿ ಕಟ್ಟಿದವರದು ರೀಲಾಗುತ್ತದೆ. ಹುಡುಗರು ಒಬ್ಬೊಬ್ಬರಾಗಿ ಬಂದು, ಗುರುವಿನ ಹಾದಿಯಲ್ಲೇ, ಕುಂಟರು ಕುರುಡರು ಅತ್ತೆ ಸೊಸೆ ಯಾರನ್ನೂ ಬಿಡದೆ ಖಟಕಾ ಕಟ್ಟಿದರು. ಅವನು ಕೇಕೆ ಹಾಕಿ ನಗುತ್ತಿದ್ದ. ಆಮೇಲೆ ಶೈಲಶ್ರೀಯ ಕಡೆ ಬೆರಳು ತೋರಿಸಿದ.

"ಬಾ ತಂಗಿ. ನಮ್ಮ ಖಟಕಾ ನಿಂಗ ಮನಸಿಗಿ ಬರಂಗಿಲ್ಲ, ನಿಂದರ ಕೇಳೋಣ. ಶಬ್ದ ಬಿರುಸದ ಮತ್ತ." ಅವನು ಬೋರ್ಡಿನ ಮೇಲೆ ಬರೆದು ಓದಿದ: "ಸಾರ್ಡಿಡ್."

ಅವಳು ಎದ್ದು ಬೋರ್ಡಿನ ಹತ್ತಿರ ಹೋದಳು. ಅರ್ಥ ಗೊತ್ತಿತ್ತು. ಆದರೆ ಖಟಕಾ ಮಾತ್ರ ಅವಳು ಮೊದಲೇ ಯೋಚಿಸಿದ್ದಲ್ಲ. ಆ ಶಬ್ದವನ್ನು ಮನಸ್ಸಿನಲ್ಲೇ ಒಡೆದಾಗ ಅದು ತಾನಾಗಿಯೇ ಎರಡು ಹೋಳಾಗಿ ಬಿದ್ದಿತು. ಫೋನಿನ ಕ್ಯಾಮೆರಾ ಅವಳ ಮುಖಕ್ಕೇ ನೆಟ್ಟಿತ್ತು.

"ಸಾರ್ಡಿಡ್," ಅಂದಳು. "ಬಾಳ ಸರಳ ಅದರಿ. ಸರ್ ಡಿಡ್. ಡಿಡ್ ಅಂದ್ರ ಮಾಡಿದ್ರು. ಸರ್ ಡಿಡ್ ಅಂದ್ರ ಸರ್ ಮಾಡಿದ್ದು."

ಸಂತೋಷಕುಮಾರ ಮುಗುಳ್ನಕ್ಕ. "ಶಾಭಾಸ್. ಏನ್ ಮಾಡಿದ್ರು ಸರ್?"

"ಒಬ್ಬ ಹೆಣ್ಣುಮಗಳಿಗಿ ಬೀವಿ ಗುಂಪು ಅಂದ್ರು. ಇನ್ನೊಬ್ಬಾಕಿಗಿ ಮಾರಿ ನೋಡ್ಕೋತನೇ ಮುಂಡೆ ಅಂದ್ರು. ಓದಲಾಕ ಬರಲಾರದ ಶಬ್ದಾನ ತಪ್ಪ ಓದಿ ಅಂದ್ರು. ಅದಕ್ಕ ಏನಂತಾರ? ಹೊಲಸು. ನೀಚ. ಸಾರ್ಡಿಡ್ ಅಂದ್ರ ನೀಚ ಕೆಲಸ. ಸರ್ ಡಿಡ್." ಅವಳು ಕ್ಲಾಸಿನ ಕಡೆ ತಿರುಗಿದಳು. ಅವನದೇ ಧಾಟಿಯಲ್ಲಿ ಕೇಳಿದಳು: "ಹತ್ತಿತಿಲ್ಲೋ ಖಟಕಾ?"

ಹಿಂದಿನ ಬೆಂಚಿನ ಒಬ್ಬ, ಅಂದು ಮೊದಲು ಕಿಸಕ್ಕೆಂದವನೇ ಇರಬೇಕು, ತಡೆಯಲಾಗದೆ ಖೊಕ್ ಅಂದ. ಅಷ್ಟೇ ಸಾಕಾಯಿತು. ಇಡೀ ಕ್ಲಾಸು ಬೆಂಚು ಬಡಿದು ನಕ್ಕಿತು. ಆ ಹುಡುಗರಿಗೆ ಅವಳ ಮೇಲೆ ಮಮತೆ ಉಕ್ಕಿತ್ತು ಅಂತ ಯಾರೂ ತಿಳಿಯಬೇಕಾಗಿಲ್ಲ, ಯಾರ ಮೇಲೆ ನಗೆ ಬಿದ್ದರೂ ಅವರಿಗೆ ಒಂದೇ. ಅದನ್ನು ಅವರಿಗೆ ಕಲಿಸಿದವನು ಎದುರಿಗೇ ನಿಂತಿದ್ದ.

ಸಂತೋಷಕುಮಾರ ಫೋನಿನ ಮೇಲೆ ಬಿದ್ದು ರೆಕಾರ್ಡಿಂಗು ನಿಲ್ಲಿಸಿದ. ಅವನ ಕಿವಿ ಕೆಂಪಾಗಿದ್ದವು. "ಬ್ಯಾಗ ತಗೊಂಡು ಹೊರಗ ನಡಿ. ನಾಳಿ ಇಲ್ಲಿ ಕಾಲಿಡಬ್ಯಾಡ. ಹ್ಯಾಂಗ ಪಾಸಾಗ್ತಿ ನಾನೂ ನೋಡ್ತೇನಿ!"

ಅವಳು ಮೆಟ್ಟಿಲು ಇಳಿಯುವಾಗ ಹಿಂದೆ ಇನ್ನೊಂದು ಜೊತೆ ಚಪ್ಪಲಿಯ ಸಪ್ಪಳ ಕೇಳಿತು. ಎರಡೂ ಚೀಲ ಹೆಗಲಿಗೆ ಹಾಕಿಕೊಂಡು ಮಹೆಕ ಬರುತ್ತಿದ್ದಳು. ಶೈಲಶ್ರೀ ಸಿಟ್ಟಿನ ಭರದಲ್ಲಿ ತನ್ನ ಚೀಲವನ್ನೇ ಮರೆತಿದ್ದಳು.

"ಮಹೆಕ, ಅವತ್ತ ನಾ ನಕ್ಕಿದ್ದು…"

"ಗೊತ್ತದ. ತಪ್ಪ ಮಾಡಿದ್ದಿ," ಅಂದಳು ಮಹೆಕ. "ನಡಿ, ಅಮ್ಮಿ ಚಾ ಇಟ್ಟಿರ್ತಾಳ. ಇನ್ನ ಬಾಳ ಶಬ್ದ ಉಳದಾವ."

ರೀಲು ಆಗದಿದ್ದರೂ 'ಸರ್ ಡಿಡ್' ಹುಡುಗರ ಬಾಯಿಂದ ಬಾಯಿಗೆ ಹೋಯಿತು. ಉಳಿದ ದಿನಗಳನ್ನು ಇಬ್ಬರೂ ಮಹೆಕಳ ಮನೆಯ ಮಾಳಿಗೆಯ ಮೇಲೆ ಕಳೆದರು. ಅವಳ ತಾಯಿ ಶರೀಫಾಬಿ ನಡುನಡುವೆ ಚಹಾ ತಂದಿಟ್ಟು, "ಇತ್ತಾ ಅಂಗ್ರೇಜಿ ಪಢಕೇ ಕ್ಯಾ ಕರ್ತೇ ಮಾ?" ಅಂತ, ಇಷ್ಟೊಂದು ಇಂಗ್ಲಿಷ್ ಓದಿ ಏನು ಮಾಡುತ್ತೀರಿ ಅಂತ ಗೊಣಗಿ, ಹೋಗದೆ ಅಲ್ಲೇ ಕೂತು ಕೇಳುತ್ತಿದ್ದಳು. ಗೆಳತಿಯರಿಬ್ಬರೂ ಖಟಕಾ ಕಟ್ಟಿದರು, ಯಾರ ಮೈಗೂ ತಾಗದಂಥವು. ಮನ್‌ಡೇನ್‌ಗೆ ಮಂಡೇ ಕಟ್ಟಿದರು. ಮನೆಯಲ್ಲಿ ಅದನ್ನು ಕೇಳಿದ ಗುರಮ್ಮ ಮಾತ್ರ ಒಪ್ಪಲಿಲ್ಲ. "ಸ್ವಾಮಾರ ಹ್ಯಾಂಗ ಸಪ್ಪ ಆಗ್ತದ? ಅವತ್ತ ನಂದು ಒಪ್ಪತ್ತು," ಅಂದಳು.

ಕಲಬುರಗಿಯಲ್ಲಿ ಪರೀಕ್ಷೆ. ಮನ್‌ಡೇನ್ ಬಂದೇ ಬಂತು. ಶೈಲಶ್ರೀ ಅದನ್ನು ಕಂಡ ಕೂಡಲೇ, ಕಷ್ಟಪಟ್ಟು ಕಟ್ಟಿಕೊಂಡ ಸೋಮವಾರ ಹೊಳೆಯಲಿಲ್ಲ. ಕಿವಿಗೆ ಬಂದದ್ದು ಬೆಂಚು ಬಡಿದು ನಕ್ಕ ಆ ಸದ್ದೇ. ಸೋಮವಾರ ಆಮೇಲೆ ಏದುಸಿರು ಬಿಡುತ್ತಾ ಬಂತು. ಅಷ್ಟರಲ್ಲಿ ಪೆನ್ನು ಸರಿಯಾದ ಉತ್ತರಕ್ಕೆ ಗುರುತು ಹಾಕಿಯಾಗಿತ್ತು. ಅವನ ಖಟಕಾ ಕೆಲಸ ಮಾಡಿತ್ತು, ಅದೇ ಅವಳಿಗೆ ಉರಿ. ಬೈಗುಳವನ್ನು ಬಿಟ್ಟು ಅರ್ಥವನ್ನಷ್ಟೇ ಇಟ್ಟುಕೊಳ್ಳಲು ಯಾವ ದಾರಿಯೂ ಇರಲಿಲ್ಲ. ಸರಿ ಉತ್ತರ ಬರೆದು ಅಷ್ಟು ಸಿಟ್ಟಿಗೆದ್ದವಳು ಆ ಕೋಣೆಯಲ್ಲಿ ಇನ್ನೊಬ್ಬಳಿರಲಿಲ್ಲ.

ಫಲಿತಾಂಶ ಬಂತು. ಇಬ್ಬರೂ ಪಾಸಾದರು, ಇಬ್ಬರಿಗೂ ನೌಕರಿ ಸಿಕ್ಕಿತು. ನಾಗಣ್ಣ ಪೇಢೆ ತಂದು ಓಣಿಗೆಲ್ಲ ಹಂಚಿದ, ಮೊದಲಿನಿಂದಲೂ ತನ್ನದೇ ಬೆಂಬಲವಿದ್ದ ಹಾಗೆ. ಇಜೇರಿಯ ಗಂಡಿಗೆ ಗುರಮ್ಮನೇ ಫೋನು ಮಾಡಿ ಬೇರೆ ಕಡೆ ನೋಡಿಕೊಳ್ಳಲು ಹೇಳಿದಳು. ನೇಮಕದ ಕಾಗದ ತರಲು ಆಳಂದಕ್ಕೆ ಬಂದ ಶೈಲಶ್ರೀ ಟಂಟಂ ಇಳಿದು ತಲೆ ಎತ್ತಿದರೆ, ಗೊಬ್ಬರದ ಅಂಗಡಿಯ ಕಂಬಗಳ ನಡುವೆ ಆಳೆತ್ತರದ ಬ್ಯಾನರು. ನಡುವೆ ಕೈ ಕಟ್ಟಿ ನಿಂತ ಸಂತೋಷಕುಮಾರ. 'ಸಂತೋಷ ಸರ್ ಖಟಕಾದ ಹೆಮ್ಮೆಯ ಫಲ' ಅಂತ ದಪ್ಪ ಅಕ್ಷರ. ಕೆಳಗೆ ಅವಳ ಫೋಟೋ, ಪಕ್ಕದಲ್ಲಿ ಮಹೆಕಳದು. ಹೆಸರು ಹಚ್ಚುವಾಗ ಕೊಟ್ಟಿದ್ದ ಫೋಟೋಗಳೇ ಅವು. ಹೊರಗೆ ಹಾಕಿದವನೇ ತಂದು ಬೀದಿಯಲ್ಲಿ ತೂಗುಹಾಕಿದ್ದ!

ಅವಳು ಮಹೆಕಳಿಗೆ ಫೋನು ಮಾಡಿದಳು. ಮಹೆಕ ಬರುವಷ್ಟರಲ್ಲಿ ಬಾಳೆಹಣ್ಣಿನ ಗಾಡಿಯ ಲಾಲಸಾಬನ ಹತ್ತಿರ ಚಾಕು ಇಸಿದುಕೊಂಡು ನಿಂತಿದ್ದಳು. ಬ್ಯಾನರಿನ ಬಟ್ಟೆ ಚರ್ರೆಂದು ಸೀಳಿತು. ಮೇಲೆ, ಬದಿಗೆ, ಕೆಳಗೆ.

"ಏನವ್ವ, ಏನ್ ಮಾಡಾಕತ್ತಿ?" ಅಂದ ಲಾಲಸಾಬ ಗಾಬರಿಯಾಗಿ.

"ನಂದು ನಾ ಒಯ್ಯಾಕತ್ತೇನ್ರಿ ಕಾಕಾ."

"ನಂದೂ ಕೊಯ್ಯಿ," ಅಂದಳು ಮಹೆಕ, ಬ್ಯಾನರಿನ ತುದಿ ಬಿಗಿಯಾಗಿ ಹಿಡಿದು.

ಎರಡನೇ ಮುಖ ಅರ್ಧ ಕಳಚುವಾಗ ಮೇಲಿನಿಂದ ಸಂತೋಷಕುಮಾರ ದಡದಡ ಇಳಿದು ಬಂದ. ಅವನ ಹಿಂದೆ ಹೊಸ ಬ್ಯಾಚಿನ ಹುಡುಗರು ಮೆಟ್ಟಿಲ ತುಂಬ ತುಂಬಿಕೊಂಡರು. ಬಸ್‌ಸ್ಟ್ಯಾಂಡಿನ ಮಂದಿಯೂ ಸೇರಿತು.

"ನಾಚಿಕಿ ಇಲ್ಲೇನ್ ನಿಂಗ?" ಅಂತ ಕೂಗಿದ. "ಒಂದೊಂದು ಶಬ್ದ ನಾ ಬಾಯಾಗ ಇಟ್ಟು ಕಲಸೇನಿ. ಎಲ್ಲಾರ ಮುಂದ ಹೇಳು, ನಿನ್ನ ಪಾಸ್ ಮಾಡಿದವ್ರು ಯಾರು? ಯಾರು ಮಾಡಿದ್ರು, ಹೇಳು!"

ಶೈಲಶ್ರೀ ಬಾಯಿ ತೆರೆಯುವ ಮೊದಲೇ ಮೆಟ್ಟಿಲ ಮೇಲಿನಿಂದ ಒಬ್ಬ ಹುಡುಗ ಕೂಗಿದ: "ಸರ್ ಡಿಡ್!"

ಅವನ ಹಿಂದೆ ಇಡೀ ಬ್ಯಾಚು ಒಂದೇ ದನಿಯಲ್ಲಿ ಕೂಗಿತು: "ಸರ್ ಡಿಡ್! ಸರ್ ಡಿಡ್!"

ಸಂತೋಷಕುಮಾರ ಹೆಮ್ಮೆಯಿಂದ ಮಂದಿಯ ಕಡೆ ತಿರುಗಿ ನಗಲು ಬಾಯಿ ತೆರೆದ. ಆಮೇಲೆ ಖಟ್ ಅಂತ ಅರ್ಥ ಹೊಳೆಯಿತು.